ಬಣ್ಣ ಆಮೇಲೆ ಹಾಕಿ, ಮೊದಲು ಎಣಿಸಿ

ಓದುಗರ ಪ್ರಶ್ನೆಗಳಿಗೆ ಕೊಡಗಿನ ಲೈಬ್ರರಿ ಟೀಚರ್ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ನಮ್ಮ ಶಾಲೆ ಲೈಬ್ರರಿಯ ಗೋಡೆಯಲ್ಲಿರುವ ಮಳೆ ಪೋಸ್ಟರ್ ಬಗ್ಗೆ ಎರಡು ಸಾಲು ಬರೆದಿದ್ದೆ. ಮಕ್ಕಳೇ ಕ್ಯಾನ್ವಾದಲ್ಲಿ, ಅಂದರೆ ಪೋಸ್ಟರ್ ಮಾಡುವ ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿ, ಮಾಡಿದ್ದು ಅಂತ ಹೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ ಮಾತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜೊತೆಗೆ ಲೈಬ್ರರಿ ಚಾರ್ಜ್ ಕೂಡ ನನ್ನದೇ. ಈಗ ಯಾವ ಟ್ರೈನಿಂಗ್‌ಗೆ ಹೋದರೂ ಇನ್ಫೋಗ್ರಾಫಿಕ್ ಮಾಡಿಸಿ ಅನ್ನುತ್ತಾರೆ. ನಾವು ಮೊದಲಿಂದ ಮಾಡಿಸುತ್ತಿದ್ದ ಚಾರ್ಟಿಗೂ ಇದಕ್ಕೂ ಏನು ವ್ಯತ್ಯಾಸ ಮೇಡಂ? ಕಂಪ್ಯೂಟರ್ ರೂಮ್ ಬಿಟ್ಟು ಲೈಬ್ರರಿಯಲ್ಲೇ ಯಾಕೆ ಮಾಡಿಸಬೇಕು?
– ಶಿಕ್ಷಕಿ, ಶನಿವಾರಸಂತೆ

ಉತ್ತರ: ಟೀಚರ್, ನಮ್ಮ ಹಳೇ ಚಾರ್ಟ್‌ಗಳು ಹೇಗಿರುತ್ತಿದ್ದವು ಹೇಳಿ. ಪಾಠದ ಒಂದು ಪುಟವನ್ನು ಮಕ್ಕಳು ದೊಡ್ಡ ಅಕ್ಷರದಲ್ಲಿ ಇಳಿಸಿಕೊಂಡು, ಸುತ್ತಲೂ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕಿ ತರುತ್ತಿದ್ದರು. ಚಂದ ಇರುತ್ತಿತ್ತು. ಆದರೆ ಪುಸ್ತಕದಲ್ಲಿ ಇಲ್ಲದ್ದು ಅದರಲ್ಲಿ ಏನೂ ಇರುತ್ತಿರಲಿಲ್ಲ. ಇನ್ಫೋಗ್ರಾಫಿಕ್ ಮಾಡಬೇಕಾದ ಕೆಲಸ ಬೇರೆ. ಒಂದು ಲೆಕ್ಕವನ್ನೋ, ಒಂದು ಹೋಲಿಕೆಯನ್ನೋ, ಒಂದು ಕೆಲಸದ ಹಂತಗಳನ್ನೋ ಕಣ್ಣಿಗೆ ಕಾಣುವ ಹಾಗೆ ಮಾಡಬೇಕು. ಅಕ್ಷರ ಓದುವ ಮೊದಲೇ ಅರ್ಧ ವಿಷಯ ತಲೆಗೆ ಹೋಗಿರಬೇಕು.

ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ್ದೂ ಅಲ್ಲ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಲೆಕ್ಕವನ್ನು ಚಕ್ರದಂಥ ಚಿತ್ರದಲ್ಲಿ ತೋರಿಸಿದರು. ತಿಂಗಳಿಗೊಂದು ಹೋಳು. ಗಾಯದಿಂದ ಸತ್ತವರ ಭಾಗ ಸಣ್ಣದು. ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತವರ ಭಾಗ ಅದಕ್ಕಿಂತ ಎಷ್ಟೋ ದೊಡ್ಡದು. ನಮ್ಮ ಕ್ಲಾಸಿನಲ್ಲಿ ಅಪ್ಪನೋ ಅಜ್ಜನೋ ಸೈನ್ಯದಲ್ಲಿದ್ದ ಮಕ್ಕಳು ಜಾಸ್ತಿ. ಆ ಚಿತ್ರ ತೋರಿಸಿದಾಗ ಒಬ್ಬ ಹುಡುಗ ಕೂಡಲೇ ಕೇಳಿದ, "ಹಾಗಾದ್ರೆ ಆಸ್ಪತ್ರೆ ಕ್ಲೀನ್ ಇರಲಿಲ್ವಾ ಮಿಸ್?" ಒಂದು ಸಾಲು ವಿವರಣೆ ನಾನು ಕೊಟ್ಟಿರಲಿಲ್ಲ.

ಇನ್ನು ಲೈಬ್ರರಿ ಯಾಕೆ ಅನ್ನುವುದಕ್ಕೆ ನಮ್ಮ ಮಳೆ ಪೋಸ್ಟರ್ ಕಥೆಯನ್ನೇ ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಒಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅವಳ ಅಜ್ಜನ ನೋಟ್‌ಬುಕ್ ತಂದಳು. ತೋಟದ ಮಳೆ ಲೆಕ್ಕದ ಪುಸ್ತಕ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಕಾಫಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಬರೆದಿಡುವ ರೂಢಿ ಇದೆ. ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು, ಒಂದು ಇಂಚು ಅಂದರೆ 25.4 ಮಿಲಿಮೀಟರ್. ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಎಷ್ಟು ಸೆಂಟ್ ಬಂತು ಅನ್ನುವುದರ ಮೇಲೆ ಆ ವರ್ಷದ ಫಸಲಿನ ಮಾತು ನಡೆಯುತ್ತದೆ.

ಆ ಹುಡುಗಿ ಮತ್ತು ಅವಳ ಮೂವರು ಗೆಳತಿಯರು ಮೊದಲು ಮಾಡಿದ ಪೋಸ್ಟರ್‌ನಲ್ಲಿ ಮೂರು ಛತ್ರಿ ಇದ್ದವು. ಕ್ಯಾನ್ವಾದವರು ಮೊದಲೇ ಮಾಡಿಟ್ಟ ಟೆಂಪ್ಲೇಟ್‌ನಲ್ಲೇ ಬಂದ ಛತ್ರಿಗಳು. ಜೂನ್‌ಗೆ ಸಣ್ಣದು, ಜುಲೈಗೆ ದೊಡ್ಡದು, ಆಗಸ್ಟ್‌ಗೆ ಮಧ್ಯದ್ದು. ನಾನು ಸ್ಕೇಲ್ ಕೊಟ್ಟು ಅಳೆಯಲು ಹೇಳಿದೆ. ಮಳೆ ಎರಡು ಪಟ್ಟು ಅಂತ ತೋರಿಸಲು ಛತ್ರಿಯ ಎತ್ತರವನ್ನು ಎರಡು ಪಟ್ಟು ಮಾಡಿದ್ದರು. ಆದರೆ ಎತ್ತರ ಎಳೆದರೆ ಅಗಲವೂ ಎರಡು ಪಟ್ಟಾಗುತ್ತದೆ. ಕಾಗದದ ಮೇಲೆ ಛತ್ರಿ ಹಿಡಿದ ಜಾಗ ನಾಲ್ಕು ಪಟ್ಟಾಯಿತು. ಕಣ್ಣು ನೋಡುವುದು ಜಾಗವನ್ನು. ಎರಡು ಪಟ್ಟು ಮಳೆ ನಾಲ್ಕು ಪಟ್ಟಿನ ಹಾಗೆ ಕಂಡಿತು.

ಇದಕ್ಕೆ ಸುಮಾರು ನೂರು ವರ್ಷದ ಹಿಂದೆಯೇ ವಿಯೆನ್ನಾದಲ್ಲಿ ಆಟೋ ನ್ಯೂರಾತ್ ಅನ್ನುವವರು ಒಂದು ದಾರಿ ಹಾಕಿಕೊಟ್ಟಿದ್ದಾರೆ. ಮುಂದೆ ಅದಕ್ಕೆ ಐಸೋಟೈಪ್ ಅಂತ ಹೆಸರು ಬಂತು. ಜಾಸ್ತಿ ಇದೆ ಅಂತ ತೋರಿಸಲು ಚಿತ್ರವನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರವನ್ನು ಹೆಚ್ಚು ಸಲ ಹಾಕಿ ಅನ್ನುವುದು ಆ ದಾರಿ. ಮಕ್ಕಳು ಛತ್ರಿ ತೆಗೆದರು. ಐದು ಇಂಚಿಗೆ ಒಂದು ಹನಿ ಅಂತ ಇಟ್ಟುಕೊಂಡು, ತಿಂಗಳಿಗೊಂದು ಸಾಲಿನಲ್ಲಿ ಹನಿಗಳನ್ನು ಜೋಡಿಸಿದರು. ಕ್ಯಾನ್ವಾದಲ್ಲಿ ಒಂದು ಹನಿ ಮಾಡಿ ಕಾಪಿ ಮಾಡುತ್ತಾ ಹೋದರೆ ಹತ್ತು ನಿಮಿಷದ ಕೆಲಸ.

ಆಮೇಲೆ ಬಂದದ್ದು 2018ರ ಆಗಸ್ಟ್ ಪುಟ.

ಆ ತಿಂಗಳು ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಅಜ್ಜನ ಪುಸ್ತಕದಲ್ಲಿ ಅಲ್ಲಿಂದ ಕೆಲವು ದಿನ ಏನೂ ಬರೆದಿಲ್ಲ. ತಾರೀಕು ಇದೆ, ಮುಂದೆ ಖಾಲಿ. ಮನೆಯವರೆಲ್ಲ ತೋಟ ಬಿಟ್ಟು ನೆಂಟರ ಮನೆಗೆ ಹೋಗಿದ್ದರು. ಅಳೆಯಲು ಯಾರೂ ಇರಲಿಲ್ಲ. ಆ ತಿಂಗಳ ದಿನದಿನದ ಮಳೆಯನ್ನು ಗೆರೆಯ ಗ್ರಾಫಿನಲ್ಲಿ ತೋರಿಸಲು ಕಂಪ್ಯೂಟರಿನಲ್ಲಿ ಕಾಲಂ ತುಂಬುವಾಗ ಹುಡುಗಿ ಆ ದಿನಗಳಿಗೆಲ್ಲ ಸೊನ್ನೆ ಹಾಕಿದ್ದಳು. ಖಾಲಿ ಬಿಡಬಾರದು ಅಂತ ಅವಳಿಗೆ ಅನಿಸಿತ್ತು. ಪರದೆಯ ಮೇಲೆ ಗೆರೆ ಸರ್ರನೆ ಕೆಳಗೆ ಇಳಿಯಿತು. ಕೊಡಗಿನಲ್ಲಿ ಜನ ಮನೆ ಬಿಟ್ಟು ಓಡಿದ ದಿನಗಳಲ್ಲಿ ಅವಳ ಗ್ರಾಫಿನ ಪ್ರಕಾರ ಮಳೆಯೇ ಇಲ್ಲ.

ಅವಳೇ ನೋಡಿ ಬೆಚ್ಚಿದಳು. "ಮಿಸ್, ಇದು ಸುಳ್ಳು ಅಲ್ವಾ?" ಅಂದಳು. ಆ ದಿನ ಒಂದು ಇಡೀ ಪೀರಿಯಡ್ ಅದೇ ಮಾತಾಯಿತು. ಸೊನ್ನೆ ಅಂದರೆ ಅಳೆದೆವು, ಮಳೆ ಇರಲಿಲ್ಲ ಅಂತ. ಖಾಲಿ ಅಂದರೆ ಅಳೆಯಲಿಲ್ಲ ಅಂತ. ಎರಡೂ ಒಂದೇ ಅಲ್ಲ. ಕೊನೆಗೆ ಗೆರೆಯನ್ನು ಅಲ್ಲಿ ಕತ್ತರಿಸಿ, ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ "ಈ ದಿನಗಳಲ್ಲಿ ಅಜ್ಜ ಮನೆಯಲ್ಲಿರಲಿಲ್ಲ" ಅಂತ ಬರೆದಳು. ನಮ್ಮ ಪೋಸ್ಟರ್ ನೋಡಲು ಬಂದವರು ಎಲ್ಲರೂ ನಿಲ್ಲುವುದು ಆ ಖಾಲಿ ಜಾಗದ ಮುಂದೆಯೇ.

ಇದನ್ನು ಕಂಪ್ಯೂಟರ್ ರೂಮ್ ಕಲಿಸುವುದಿಲ್ಲ ಟೀಚರ್. ಯಾವ ಬಟನ್ ಒತ್ತಬೇಕು ಅನ್ನುವುದನ್ನು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಈ ಸಂಖ್ಯೆ ಎಲ್ಲಿಂದ ಬಂತು, ಯಾರು ಬರೆದರು, ಯಾಕೆ ಬಿಟ್ಟರು ಅಂತ ಕೇಳುವುದು ಲೈಬ್ರರಿಯ ಕೆಲಸ. ಹಳೇ ಪೇಪರ್, ಗೆಜೆಟಿಯರ್, ರಿಜಿಸ್ಟರ್ ಇರುವುದೂ ಅಲ್ಲೇ.

ಇನ್ನೊಂದು ವಿಷಯ ಸೇರಿಸಿ ಮುಂದೆ ಹೋಗುತ್ತೇನೆ. ಮಳೆ ಬಂದ ದಿನ ಎಷ್ಟು ಅಂತ ಎಣಿಸುವಾಗ ಎರಡು ಹನಿ ಬಿದ್ದದ್ದನ್ನೂ ಸೇರಿಸಬೇಕಾ ಅಂತ ಮಕ್ಕಳಲ್ಲಿ ಜಗಳ ಬಂತು. ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಮಳೆ ದಿನ ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸರಿಸುಮಾರು ಹತ್ತು ಸೆಂಟ್. ಅಜ್ಜನಿಗೆ ಇದನ್ನು ಹೇಳಿದಾಗ, "ಹತ್ತು ಸೆಂಟಿಗೆ ಕಡಿಮೆ ಬಂದ್ರೆ ನಾವೂ ಮಳೆ ಅನ್ನಲ್ಲ" ಅಂದರಂತೆ.

ಪ್ರಶ್ನೆ: ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಕ್ಯಾನ್ವಾಗೆ ಹಾಕಿದರೆ ಕನ್ನಡ ಮಾಯವಾಗಿ ಏನೇನೋ ಚಿಹ್ನೆ ಬರುತ್ತದೆ. ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಕನ್ನಡಕ್ಕೆ ಇವು ಆಗಿಬರುವುದಿಲ್ಲವೇ?
– ಕನ್ನಡ ಶಿಕ್ಷಕರು, ಗೋಣಿಕೊಪ್ಪಲು

ಉತ್ತರ: ಆಗಿಬರುತ್ತದೆ ಸರ್. ನಾಲ್ಕು ವಿಷಯ ಗೊತ್ತಿದ್ದರೆ ಸಾಕು, ಈ ತೊಂದರೆ ಮತ್ತೆ ಬರುವುದಿಲ್ಲ.

ನಿಮ್ಮ ಪರದೆಯಲ್ಲಿ 'ನ' ಇರಬೇಕಾದ ಕಡೆ ಪೌಂಡ್ ಚಿಹ್ನೆ ಬರುತ್ತಿದೆ ಅಲ್ವಾ? ಅಂದರೆ ಅದು ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ್ದು. ಅದರಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ನುಡಿ ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೆ. ಆ ಫಾಂಟ್ ಇಲ್ಲದ ಜಾಗಕ್ಕೆ ಹೋದ ಕೂಡಲೇ ಒಳಗಿದ್ದದ್ದು ಹೊರಗೆ ಬರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇದೆ. ಅದರಲ್ಲಿ ಟೈಪ್ ಮಾಡಿದರೆ ಅಕ್ಷರ ಎಲ್ಲಿ ಹೋದರೂ ಕನ್ನಡವೇ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಳೇ ಫೈಲ್‌ಗಳನ್ನು ಬದಲಾಯಿಸುವ ಕನ್ವರ್ಟರ್ ಕೂಡ ಇದೆ. ಮಕ್ಕಳಿಗಾದರೆ ಫೋನಿನ ಜಿಬೋರ್ಡ್ ಕೀಬೋರ್ಡ್ ಸುಲಭ. ಅದರಲ್ಲಿ ಬರೆದದ್ದೆಲ್ಲ ಯೂನಿಕೋಡೇ.

ಎರಡನೆಯದು ಸಾಲಿನ ಅಂತರ. ಟೆಂಪ್ಲೇಟ್ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷ್. ಅದಕ್ಕೆ ಕೆಳಗೆ ಅಷ್ಟು ಜಾಗ ಬೇಡ. ನಮ್ಮ 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಕೆಳಗೆ ಎರಡು ಮೆಟ್ಟಿಲು ಇಳಿಯುತ್ತವೆ. ಸಾಲಿನ ಅಂತರವನ್ನು 1.5ರ ಹತ್ತಿರ ಇಡಿ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಸೊನ್ನೆಯಲ್ಲೇ ಬಿಡಿ. ಅದನ್ನು ಎಳೆದರೆ ಕಾಗುಣಿತದ ಚಿಹ್ನೆ ಅಕ್ಷರದಿಂದ ದೂರ ಹೋಗಿ ಕೂರುತ್ತದೆ.

ಮೂರನೆಯದು ಫಾಂಟ್. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ – ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಾನು ಒಳಗಿನ ಬರಹಕ್ಕೆ ನೋಟೋ, ತಲೆಬರಹಕ್ಕೆ ಬಲೂ ತಮ್ಮ ಬಳಸುತ್ತೇನೆ. ಒಂದು ಪೋಸ್ಟರಿಗೆ ಎರಡು ಫಾಂಟ್ ಸಾಕು. ಇಂಗ್ಲಿಷ್‌ನಲ್ಲಿ ತಲೆಬರಹವನ್ನು ದೊಡ್ಡಕ್ಷರದಲ್ಲಿ ಬರೆದು ಎದ್ದು ಕಾಣಿಸುತ್ತಾರೆ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಹಾಗಾಗಿ ದಪ್ಪ ಮತ್ತು ಗಾತ್ರದಿಂದಲೇ ಆ ಕೆಲಸ ಆಗಬೇಕು. ತಲೆಬರಹ ಒಳಗಿನ ಬರಹದ ಅಕ್ಷರಕ್ಕಿಂತ ಎರಡೂವರೆ ಪಟ್ಟಾದರೂ ಇರಲಿ.

ನಾಲ್ಕನೆಯದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ವರ್ಷ ಪುಸ್ತಕ ಪ್ರದರ್ಶನಕ್ಕೆ ಬ್ಯಾನರ್ ಮಾಡಿ, ತಿದ್ದಬಹುದಾದ ಫೈಲನ್ನೇ ಪ್ರಿಂಟ್ ಅಂಗಡಿಗೆ ಕೊಟ್ಟೆ. ಅವರು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದರು. ಮಾರನೇ ದಿನ ಬೆಳಿಗ್ಗೆ ಬಂದ ಆರಡಿ ಬ್ಯಾನರಿನಲ್ಲಿ 'ಗ್ರಂಥಾಲಯ' ಅನ್ನುವುದು 'ಗ್‌ರಂಥಾಲಯ' ಆಗಿತ್ತು, 'ಪುಸ್ತಕ' ಅನ್ನುವುದು 'ಪುಸ್‌ತಕ' ಆಗಿತ್ತು. ಮಕ್ಕಳು ಎರಡು ವಾರ ಕಷ್ಟಪಟ್ಟು ಮಾಡಿದ್ದು. ತುಂಬ ಬೇಜಾರಾಯಿತು. ಅಂದಿನಿಂದ ಪ್ರಿಂಟ್‌ಗೆ ಪಿಡಿಎಫ್ ಬಿಟ್ಟು ಬೇರೆ ಏನೂ ಕೊಡುವುದಿಲ್ಲ. ಕೊಡುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡುತ್ತೇನೆ. ದಯವಿಟ್ಟು ನೀವೂ ನೋಡಿ.

ಪ್ರಶ್ನೆ: ನಮ್ಮಲ್ಲಿ ಎರಡೇ ಕಂಪ್ಯೂಟರ್. ಮಳೆಗಾಲದಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಒಂದು ಕ್ಲಾಸಿನಲ್ಲಿ 34 ಮಕ್ಕಳು. ಹೇಗೆ ಮಾಡಿಸಲಿ?
– ಶಿಕ್ಷಕರು, ಭಾಗಮಂಡಲ ಕಡೆ

ಉತ್ತರ: ಸರ್, ಮಳೆಗಾಲವನ್ನು ಎಣಿಕೆಗೆ ಇಡಿ, ಮಳೆ ಬಿಟ್ಟ ಮೇಲೆ ಕಂಪ್ಯೂಟರಿಗೆ ಹೋಗಿ. ನಾವು ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಮುಗಿಯುವ ತನಕ ಪೇಪರ್ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಮಕ್ಕಳು ಪ್ರಶ್ನೆ ಹುಡುಕುತ್ತಾರೆ, ಲೆಕ್ಕ ತರುತ್ತಾರೆ, ಎ4 ಹಾಳೆಯನ್ನು ನಾಲ್ಕಾಗಿ ಮಡಚಿ ಎಲ್ಲಿ ಏನು ಬರಬೇಕು ಅಂತ ಪೆನ್ಸಿಲ್‌ನಲ್ಲಿ ಹಾಕುತ್ತಾರೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿದ ಮೇಲೆ ನಾಲ್ಕು ಮಕ್ಕಳ ಒಂದೊಂದು ಗುಂಪನ್ನು ಸರದಿಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸುತ್ತೇನೆ. ಪೆನ್ಸಿಲ್ ಚಿತ್ರ ಕೈಯಲ್ಲಿದ್ದರೆ ನಲವತ್ತು ನಿಮಿಷದ ಒಂದು ಪೀರಿಯಡ್ ಸಾಕಾಗುತ್ತದೆ. ಅದು ಇಲ್ಲದೆ ಕೂತ ಮಕ್ಕಳು ಆ ನಲವತ್ತು ನಿಮಿಷವನ್ನೂ ಟೆಂಪ್ಲೇಟ್ ನೋಡುವುದರಲ್ಲೇ ಕಳೆಯುತ್ತಾರೆ.

ನೆಟ್‌ವರ್ಕ್ ಇಲ್ಲದಾಗ ಲಿಬ್ರೆ ಆಫೀಸ್ ಇಂಪ್ರೆಸ್ ಹಾಕಿಕೊಳ್ಳಿ. ಅದು ಸ್ಲೈಡ್ ಮಾಡುವ ಸಾಫ್ಟ್‌ವೇರ್. ಉಚಿತ, ಇಂಟರ್ನೆಟ್ ಬೇಡ. ಪುಟದ ಅಳತೆಯನ್ನು ಎ4 ಉದ್ದಕ್ಕೆ ಬದಲಾಯಿಸಿದರೆ ಪೋಸ್ಟರ್ ಆಗುತ್ತದೆ. ಕ್ಯಾನ್ವಾ, ಪಿಕ್ಟೋಚಾರ್ಟ್, ಅಡೋಬಿ ಎಕ್ಸ್‌ಪ್ರೆಸ್ ಅಂತ ಹತ್ತು ಹೆಸರು ಕೇಳಿ ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಹಿಡಿದು ವರ್ಷವಿಡೀ ಅದನ್ನೇ ಬಳಸಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ಕೊಡಗಿನ ಜನಸಂಖ್ಯೆ ಬಗ್ಗೆ ಇನ್ಫೋಗ್ರಾಫಿಕ್ ಮಾಡುತ್ತಿದ್ದೇನೆ. ಜಿಲ್ಲೆಯಲ್ಲಿ ಐದು ತಾಲ್ಲೂಕು ಇದೆ. ಆದರೆ ಜನಗಣತಿಯಲ್ಲಿ ಮೂರಕ್ಕೆ ಮಾತ್ರ ಲೆಕ್ಕ ಸಿಗುತ್ತಿದೆ. ಉಳಿದ ಎರಡಕ್ಕೆ ನೆಟ್‌ನಲ್ಲಿ ಸಿಕ್ಕಿದ ನಂಬರ್ ಹಾಕಬಹುದಾ ಮಿಸ್?
– ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಹಾಕಬೇಡ ಮಗಾ. ಆದರೆ ನೀನು ಇದನ್ನು ಗಮನಿಸಿದೆಯಲ್ಲ, ಅದು ನನಗೆ ತುಂಬ ಖುಷಿ ಕೊಟ್ಟಿತು. ದೊಡ್ಡವರು ಮಾಡಿದ ಎಷ್ಟೋ ಪೋಸ್ಟರ್‌ಗಳಲ್ಲಿ ಈ ತಪ್ಪು ಹಾಗೇ ಇರುತ್ತದೆ.

ನಿನಗೆ ಸಿಕ್ಕಿರುವುದು 2011ರ ಜನಗಣತಿ. ಆಗ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ – ಮೂರೇ ತಾಲ್ಲೂಕು. ಕುಶಾಲನಗರ ಮತ್ತು ಪೊನ್ನಂಪೇಟೆ ಆಮೇಲೆ ಆದವು. ಒಂದು ಸೋಮವಾರಪೇಟೆಯಿಂದ, ಇನ್ನೊಂದು ವಿರಾಜಪೇಟೆಯಿಂದ ಬೇರೆಯಾಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹಾಗಾಗಿ ನೀನು ಇವತ್ತಿನ ನಕ್ಷೆಯ ಮೇಲೆ 2011ರ ಲೆಕ್ಕ ಕೂರಿಸಲು ಹೊರಟಿದ್ದೀಯ. ಅದು ಕೂರುವುದಿಲ್ಲ.

ನಿನಗೆ ಎರಡು ದಾರಿ. ಸುಲಭದ್ದು: ಮೂರು ತಾಲ್ಲೂಕಿನ ಹಳೇ ನಕ್ಷೆ ಹಾಕಿ, ತಲೆಬರಹದಲ್ಲೇ "2011ರ ಜನಗಣತಿ, ಆಗಿನ ತಾಲ್ಲೂಕುಗಳು" ಅಂತ ಬರೆ. ಕಷ್ಟದ್ದು: ಜನಗಣತಿಯಲ್ಲಿ ಊರೂರಿನ ಲೆಕ್ಕ ಇದೆ. ಯಾವ ಯಾವ ಊರು ಹೊಸ ತಾಲ್ಲೂಕಿಗೆ ಸೇರಿತು ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ, ನೀನೇ ಕೂಡಿಸು. ಗೆಳೆಯರು ಇದ್ದರೆ ಎರಡನೆಯದನ್ನೇ ಮಾಡು. ಕೂಡಿಸಿದ್ದು ನಾವೇ ಅಂತಲೂ ಕೆಳಗೆ ಬರೆ.

ಇಡೀ ಜಿಲ್ಲೆಯ ಲೆಕ್ಕ ಹೇಳುವುದಾದರೆ 2011ರಲ್ಲಿ 5,54,519 ಜನ. ವಿಸ್ತೀರ್ಣ 4,102 ಚದರ ಕಿಲೋಮೀಟರ್. ಭಾಗಿಸಿ ನೋಡು, ಚದರ ಕಿಲೋಮೀಟರಿಗೆ ಸುಮಾರು 135 ಜನ ಬರುತ್ತದೆ. ಸಾವಿರ ಗಂಡಸರಿಗೆ 1,019 ಹೆಂಗಸರು. ಈ ಕೊನೆಯ ಸಂಖ್ಯೆಯನ್ನು ಕಂಬದ ಗ್ರಾಫಿನಲ್ಲಿ ಹಾಕುತ್ತೀಯಾದರೆ ಜಾಗ್ರತೆ. ಕಂಬ ಸೊನ್ನೆಯಿಂದ ಶುರುವಾಗಬೇಕು. ಎಡಗಡೆಯ ಅಳತೆ 990ರಿಂದ ಶುರುವಾದರೆ ಗಂಡಸರ ಕಂಬ 10 ಮನೆ ಎತ್ತರ, ಹೆಂಗಸರದ್ದು 29 ಮನೆ. ನೋಡಿದವರು ಕೊಡಗಿನಲ್ಲಿ ಹೆಂಗಸರು ಮೂರು ಪಟ್ಟು ಅಂದುಕೊಳ್ಳುತ್ತಾರೆ. ಸೊನ್ನೆಯಿಂದ ಶುರು ಮಾಡಿದರೆ ಎರಡು ಕಂಬವೂ ಹೆಚ್ಚುಕಡಿಮೆ ಒಂದೇ ಎತ್ತರ ಕಾಣುತ್ತದೆ. ಕಾಣಲಿ, ನಿಜ ಅದೇ ತಾನೆ. 1,019 ಅನ್ನುವುದನ್ನು ಕಂಬ ಬಿಟ್ಟು ದೊಡ್ಡ ಅಕ್ಷರದಲ್ಲಿ ಬರೆದುಬಿಟ್ಟರೆ ಇನ್ನೂ ಒಳ್ಳೆಯದು.

ಮುಗಿದ ಮೇಲೆ ಒಂದು ಪ್ರತಿ ನನಗೆ ಕಳಿಸು.

ಪ್ರಶ್ನೆ: ಮಗಳು ಏಳನೇ ಕ್ಲಾಸ್, ವಯಸ್ಸು 12. ಪ್ರಾಜೆಕ್ಟಿಗೆ ಅಂತ ಆನ್‌ಲೈನ್ ಖಾತೆ ತೆರೆಯಬೇಕಂತೆ. ಹುಟ್ಟಿದ ವರ್ಷ ಬದಲಾಯಿಸಿ ಹಾಕಿದರೆ ತೆರೆಯುತ್ತದೆ ಅಂತ ಅವಳ ಗೆಳತಿಯರು ಹೇಳಿದ್ದಾರೆ. ಹಾಕಲಾ?
– ತಾಯಿ, ಕುಶಾಲನಗರ

ಉತ್ತರ: ಬೇಡಮ್ಮ, ಖಂಡಿತ ಬೇಡ. 13 ವರ್ಷ ತುಂಬುವ ತನಕ ಗೂಗಲ್ ಖಾತೆ ಬೇಕಿದ್ದರೆ ಅಪ್ಪ ಅಮ್ಮನ ನಿಗಾದಲ್ಲೇ ತೆರೆಯಬೇಕು, ಅದಕ್ಕೆ ಗೂಗಲ್‌ನದ್ದೇ ವ್ಯವಸ್ಥೆ ಇದೆ. 2023ರ ನಮ್ಮ ದೇಶದ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು.

ಶಾಲೆಯವರ ಹತ್ತಿರ ಮಾತಾಡಿ. ಕ್ಯಾನ್ವಾದಲ್ಲಿ ಶಾಲಾ ಶಿಕ್ಷಕರಿಗೆ ಉಚಿತವಾದ ಶಿಕ್ಷಣ ಖಾತೆ ಇದೆ. ಟೀಚರ್ ಅದನ್ನು ಪಡೆದರೆ ಮಕ್ಕಳ ಕೆಲಸ ಅವರ ಕಣ್ಣೆದುರೇ ನಡೆಯುತ್ತದೆ. ನಾನಂತೂ ಸಣ್ಣ ಕ್ಲಾಸಿನ ಮಕ್ಕಳಿಗೆ ಖಾತೆಯನ್ನೇ ಮಾಡಿಸುವುದಿಲ್ಲ. ನನ್ನ ಲಾಗಿನ್‌ನಲ್ಲಿ, ನಾನು ಪಕ್ಕದಲ್ಲಿ ಕೂತಿರುವಾಗ ಮಾಡುತ್ತಾರೆ. ಪೋಸ್ಟರ್ ವಾಟ್ಸಾಪ್ ಗ್ರೂಪಿಗೆ ಹೋಗುವ ಮೊದಲು ಮಗಳ ಪೂರ್ತಿ ಹೆಸರು, ಮುಖ, ಮನೆ ಇರುವ ಜಾಗ ಅದರಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ಮಕ್ಕಳು ಗೂಗಲ್‌ನಿಂದ ಚಿತ್ರ ತೆಗೆದು ಹಾಕುತ್ತಾರೆ. ಈಗ ಎಐನಲ್ಲೂ ಮಾಡಿ ತರುತ್ತಾರೆ. ಯಾವುದನ್ನು ಬಿಡಬೇಕು, ಯಾವುದನ್ನು ಒಪ್ಪಬೇಕು?
– ಲೈಬ್ರರಿಯನ್, ಸೋಮವಾರಪೇಟೆ

ಉತ್ತರ: ಗೂಗಲ್ ಚಿತ್ರದ ಮಾಲೀಕರಲ್ಲ. ಅದು ಇನ್ನೊಬ್ಬರ ಚಿತ್ರ ಎಲ್ಲಿದೆ ಅಂತ ತೋರಿಸುತ್ತದೆ. ಪೋಸ್ಟರಿನ ಕೆಳಗೆ "ಕೃಪೆ: ಗೂಗಲ್" ಅಂತ ಬರೆಯುವುದನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು, ಬಳಸುವ ಷರತ್ತು ಎರಡೂ ಇರುತ್ತವೆ. ಅದನ್ನು ಹಾಗೇ ಬರೆದುಕೊಳ್ಳಲು ಕಲಿಸಿ. ಅದಕ್ಕಿಂತ ಒಳ್ಳೆಯದು ಮಕ್ಕಳೇ ತೆಗೆದ ಫೋಟೋ. ಮೆಣಸಿನ ಬಳ್ಳಿ, ಕಣದಲ್ಲಿ ಹರಡಿದ ಕಾಫಿ, ಗದ್ದೆಯ ನಾಟಿ – ಇವನ್ನು ನಾವು ಹೊರಗಿಂದ ತರಬೇಕಾ?

ಎಐ ಬಗ್ಗೆ ನಾನು ಕಂಡದ್ದು ಹೇಳುತ್ತೇನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಪೋಸ್ಟರಿಗೆ ಒಬ್ಬ ಹುಡುಗ ಎಐನಿಂದ ಕೊಡವ ಹೆಂಗಸಿನ ಚಿತ್ರ ಮಾಡಿ ತಂದ. ಬಣ್ಣ, ಬೆಳಕು ಎಲ್ಲ ಬಹಳ ಚಂದ. ಆದರೆ ಸೀರೆಯ ನೆರಿಗೆ ಮುಂದೆ ಇತ್ತು. ಕೊಡವ ಸೀರೆಯಲ್ಲಿ ನೆರಿಗೆ ಹಿಂದೆ ಬರುತ್ತದೆ. ಪಕ್ಕದಲ್ಲಿ ಕುಪ್ಯ (ಕೊಡವರ ಉದ್ದ ನಿಲುವಂಗಿ) ತೊಟ್ಟ ಗಂಡಸಿನ ಸೊಂಟದಲ್ಲಿ ಚೇಲೆಯೂ (ಸೊಂಟಪಟ್ಟಿ) ಇಲ್ಲ, ಪೀಚೆಕತ್ತಿಯೂ (ಸಣ್ಣ ಬಾಕು) ಇಲ್ಲ. ಹಿಂದಿನ ಬೋರ್ಡಿನಲ್ಲಿದ್ದ ಕನ್ನಡ ಯಾವ ಭಾಷೆಯೂ ಅಲ್ಲದ ಗೆರೆಗಳು. ಅವನ ಅಜ್ಜಿಗೆ ತೋರಿಸಿ ಬಾ ಅಂತ ಕಳಿಸಿದೆ. ಮಾರನೇ ದಿನ ಅಜ್ಜಿಯೇ ಸೀರೆ ಉಟ್ಟು ಹಿಂದೆ ತಿರುಗಿ ನಿಂತ ಫೋಟೋ ತಂದ. ಆ ಪೋಸ್ಟರ್ ಈಗಲೂ ನಮ್ಮ ಬಾಗಿಲ ಪಕ್ಕದಲ್ಲಿದೆ. ಇಂಥ ಕಡೆ ಎಐ ಚಿತ್ರ ಒಪ್ಪಬೇಡಿ. ನಮ್ಮ ಮನೆಯ ವಿಷಯ ನಮಗೇ ತಪ್ಪಾಗಿ ಕಲಿಸಿಬಿಡುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಮಕ್ಕಳು ಇರುತ್ತಾರೆ, ಗಂಡುಮಕ್ಕಳಲ್ಲಿ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಮಕ್ಕಳು ಮೊದಲು ಹಿಡಿಯುವ ಎರಡು ಬಣ್ಣ ಅವೇ, ಕಾಫಿ ಹಣ್ಣು ಮತ್ತು ಎಲೆ. ಪೋಸ್ಟರನ್ನು ಒಮ್ಮೆ ಕಪ್ಪುಬಿಳುಪು ಝೆರಾಕ್ಸ್ ಮಾಡಿಸಿ ನೋಡಿ. ಅದರಲ್ಲಿ ಹಣ್ಣು ಎಲೆ ಬೇರೆ ಬೇರೆ ಕಂಡರೆ ಎಲ್ಲರಿಗೂ ಕಾಣುತ್ತದೆ.

ಪ್ರಶ್ನೆ: ಗೋಡೆಗೆ ಹಚ್ಚಿದ ಪೋಸ್ಟರ್ ಜುಲೈ ಹೊತ್ತಿಗೆ ಬೂಸ್ಟು ಹಿಡಿದು ಸುರುಳಿಯಾಗುತ್ತದೆ. ಏನು ಮಾಡಲಿ?
– ಮುಖ್ಯ ಶಿಕ್ಷಕರು, ನಾಪೋಕ್ಲು

ಉತ್ತರ: ಗೋಡೆಗೆ ಅಂಟಿಸಬೇಡಿ ಸರ್. ಮಳೆ ಹೊಡೆಯುವ ಕಡೆಯ ಗೋಡೆಗಂತೂ ಬೇಡವೇ ಬೇಡ. ಕಪಾಟಿನಿಂದ ಕಪಾಟಿಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ. ಎರಡೂ ಕಡೆ ಗಾಳಿ ಆಡುತ್ತದೆ. ಲ್ಯಾಮಿನೇಶನ್ ಮಾಡಿಸುವಾಗ ಕಾಗದದ ಅಂಚಿಗೆ ಕತ್ತರಿಸಲು ಬಿಡಬೇಡಿ. ಸುತ್ತ ಅರ್ಧ ಬೆರಳು ಪ್ಲಾಸ್ಟಿಕ್ ಉಳಿಯಬೇಕು, ಇಲ್ಲದಿದ್ದರೆ ತೇವ ಅಂಚಿನಿಂದ ಒಳಗೆ ಹೋಗುತ್ತದೆ. ಇಂಕ್‌ಜೆಟ್ ಪ್ರಿಂಟಿನ ಬಣ್ಣ ನೀರು ತಾಗಿದರೆ ಹರಡುತ್ತದೆ, ಲೇಸರ್ ಪ್ರಿಂಟ್ ತಡೆಯುತ್ತದೆ. ಮೈದಾ ಅಂಟು ಮಾತ್ರ ಬಳಸಬೇಡಿ. ಅದನ್ನು ತಿನ್ನಲು ಬಂದ ಹುಳ ಆಮೇಲೆ ಪುಸ್ತಕಕ್ಕೆ ಹೋಗುತ್ತದೆ.

ಪ್ರಶ್ನೆ: ಈ ವರ್ಷ ಹೊಸದಾಗಿ ಲೈಬ್ರರಿ ಜವಾಬ್ದಾರಿ ಸಿಕ್ಕಿದೆ. ಮಕ್ಕಳಿಂದ ಮೊದಲನೇ ಇನ್ಫೋಗ್ರಾಫಿಕ್ ಯಾವ ವಿಷಯದ ಮೇಲೆ ಮಾಡಿಸಲಿ ಅಕ್ಕ?
– ಅತಿಥಿ ಶಿಕ್ಷಕಿ, ಪೊನ್ನಂಪೇಟೆ

ಉತ್ತರ: ನಿಮ್ಮ ಮೇಜಿನ ಮೇಲೇ ಇದೆ ತಂಗಿ, ಇಶ್ಯೂ ರಿಜಿಸ್ಟರ್. ಹೋದ ಒಂದು ವರ್ಷದಲ್ಲಿ ಯಾವ ಕಪಾಟಿನಿಂದ ಎಷ್ಟು ಪುಸ್ತಕ ಹೊರಗೆ ಹೋಯಿತು ಅಂತ ಮಕ್ಕಳು ಎಣಿಸಲಿ. ಹೆಸರುಗಳ ಕಾಲಂ ಮುಚ್ಚಿ ಕೊಡಿ, ಯಾರು ಏನು ಓದಿದರು ಅನ್ನುವುದು ಅವರವರದ್ದು. ಪುಸ್ತಕಕ್ಕೆ ಒಂದು ಗೀಟು, ಐದಕ್ಕೆ ಒಂದು ಕಟ್ಟು. ಆಮೇಲೆ ಲೈಬ್ರರಿಯ ನಕ್ಷೆ ಬರೆದು, ಆಯಾ ಕಪಾಟಿನ ಜಾಗದಲ್ಲಿ ಅಷ್ಟು ಪುಸ್ತಕದ ಚಿತ್ರ ಹಾಕಲಿ.

ನಮ್ಮಲ್ಲಿ ಮಾಡಿದಾಗ ನಕ್ಷೆಯಲ್ಲಿ ಒಂದು ಕಪಾಟಿನ ಜಾಗ ಪೂರ್ತಿ ಖಾಲಿ ಬಂತು. ಜನಪದ ಕಥೆಗಳದ್ದು, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಲೆಕ್ಕದಲ್ಲಿ 398. ಮಕ್ಕಳಿಗೆ ಕಥೆ ಬೇಡವಾಗಿದೆ ಅಂತ ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. ನಕ್ಷೆ ಮಾಡಿದ ಆರನೇ ಕ್ಲಾಸಿನ ಹುಡುಗಿ ಆ ಜಾಗಕ್ಕೆ ಹೋಗಿ ನಿಂತಳು. ಕಪಾಟಿನ ಮೇಲಿನ ತಟ್ಟೆಗೆ ಕೈ ಚಾಚಿದಳು. ಬೆರಳು ತಾಗಲಿಲ್ಲ. "ಮಿಸ್, ಇದು ನಮಗೆ ಎಟುಕಲ್ಲ" ಅಂದಳು.

ಓದುಗರ ಸಮಯ ಉಳಿಸಿ, ಪ್ರತಿ ಪುಸ್ತಕಕ್ಕೂ ಅದರ ಓದುಗರನ್ನು ಸೇರಿಸಿ ಅಂತ ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದದ್ದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದವಳು. ಆ ಸಂಜೆಯೇ ಕಥೆ ಪುಸ್ತಕಗಳನ್ನು ಇಳಿಸಿ ಕೆಳಗಿನ ಎರಡು ತಟ್ಟೆಗೆ ಜೋಡಿಸಿದೆವು. ಮೇಲಕ್ಕೆ ಹಳೇ ವಾರ್ಷಿಕ ಸಂಚಿಕೆಗಳು ಹೋದವು. ನೀವು ಎಣಿಸಲು ಶುರು ಮಾಡುವ ಮೊದಲು ಇವತ್ತು ಕಪಾಟುಗಳು ಹೇಗಿವೆಯೋ ಹಾಗೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಎಣಿಸಿದಾಗ ಬೇಕಾಗುತ್ತದೆ.